ಮಗುವಿಗೆ ಎಂತ ತಿನ್ನಿಸ್ತಿದ್ದೆ?

ನಿನ್ನೆ ಬಾಂಬೆ ಹತ್ತಿರದ ಡೊಂಬಿವಲಿಯಲ್ಲಿ ಒಂದು ಗೃಹಪ್ರವೇಶದ ಊಟ. ಬಾಳೆಎಲೆ ಹಾಕಿ ಪಂಕ್ತಿಯಲ್ಲಿ ಕೂತಿದ್ದೆವು. ಅಕ್ಕನ ಪಕ್ಕ ನಾನು, ಆಚೆ ಅವಳ ಮಗಳು ಪುಟ್ಟಿ. ಎದುರಿನ ಸಾಲಿನಲ್ಲಿ ಬ್ಯಾಂಕಿನಿಂದ ರಿಟೈರ್ ಆದ ಒಬ್ಬ ಹಿರಿಯರು. ಹೆಸರು ಬೇಡ, ಇಲ್ಲಿನ ನಮ್ಮೂರಿನವರ ಊಟ ಒಂದನ್ನೂ ಬಿಡುವವರಲ್ಲ, ನಿಮಗೇ ಗೊತ್ತಾಗುತ್ತದೆ. ಪುಟ್ಟಿಯನ್ನು ಒಮ್ಮೆ ನೋಡಿದರು. 'ಇವಳೇ ಅಲ್ವಾ ಆ ಬ್ಲಡ್ ಕ್ಯಾನ್ಸರ್ ಆಗಿದ್ದ ಮಗು?' ಅಂದರು. ಹೌದು ಅಂದಳು ಅಕ್ಕ. ಸಾರು ಕಲಸುತ್ತಾ ಮುಂದಿನ ಪ್ರಶ್ನೆ: 'ಆಗ ಮಗುವಿಗೆ ಎಂತ ತಿನ್ನಿಸ್ತಿದ್ದೆ ಮಾರಾಯ್ತಿ? ನೂಡಲ್ಸ್-ಗೀಡಲ್ಸ್ ಜಾಸ್ತಿ ಕೊಡ್ತಿದ್ದೆಯಾ?'

ಹತ್ತು ವರ್ಷ ಆಯ್ತು. ಪುಟ್ಟಿಗೆ ಈಗ ಹದಿನಾಲ್ಕು. ಪ್ರಶ್ನೆ ಮಾತ್ರ ಇನ್ನೂ ನಾಲ್ಕು ವರ್ಷದ ಮಗುವಿನ ಹತ್ತಿರವೇ ಕೂತಿದೆ.

ಅಕ್ಕ ಎಲೆ ನೋಡುತ್ತಾ ಕೂತಳು. ಪುಟ್ಟಿಯೇ ಉತ್ತರ ಕೊಟ್ಟಳು. 'ಅಜ್ಜ, ನಾನು ಮಣ್ಣು ತಿಂತಿದ್ದೆ. ಅಮ್ಮ ಬೈತಿದ್ರು.' ಅಜ್ಜ ನಗಲಿಲ್ಲ. 'ಹಾಂ, ಅದೇ ನೋಡು' ಅಂದರು!

ಅಕ್ಕ ಎಂತ ತಿನ್ನಿಸುತ್ತಿದ್ದಳು ಅಂತ ನಾನು ಹೇಳುತ್ತೇನೆ, ಕೇಳಿ. ಆ ಎರಡೂವರೆ ವರ್ಷದ ಚಿಕಿತ್ಸೆಯಲ್ಲಿ ಸ್ಟೀರಾಯ್ಡ್ ಕೊಡುವ ವಾರಗಳು ಇರುತ್ತವೆ. ಮಗುವಿಗೆ ರಾಕ್ಷಸ ಹಸಿವು, ಮುಖ ಊದಿ ಚಂದ್ರನ ಹಾಗೆ. ರಾತ್ರಿ ಎರಡು ಗಂಟೆಗೆ ಎದ್ದು ನೀರುದೋಸೆ ಬೇಕು ಅನ್ನುತ್ತಿತ್ತು. ಸೋಂಕು ತಡೆಯುವ ಬಿಳಿ ರಕ್ತಕಣ ಇಳಿದಿರುವಾಗ ಹೊರಗಿನದು ಏನೂ ಕೊಡುವ ಹಾಗಿಲ್ಲ. ನೀರು ಕುದಿಸಿಯೇ ಕೊಡಬೇಕು, ಅಡುಗೆ ಆಗಿಂದಾಗಲೇ ಆಗಬೇಕು. ಅದಕ್ಕೆ ಅಕ್ಕ ರಾತ್ರಿ ಮಲಗುವ ಮೊದಲೇ ಅಕ್ಕಿ ನೆನೆಸಿಡುತ್ತಿದ್ದಳು. ಎರಡು ಗಂಟೆಗೆ ಎದ್ದು ಆಗಲೇ ರುಬ್ಬಿ ದೋಸೆ ಹೊಯ್ಯುತ್ತಿದ್ದಳು. ಬಾಗಿಲು ಹಾಕಿಕೊಂಡು, ಮಿಕ್ಸಿಯ ಸುತ್ತ ಹಳೇ ಟವೆಲ್ ಸುತ್ತಿ, ಪಕ್ಕದ ಮನೆಯವರಿಗೆ ಎಚ್ಚರ ಆಗಬಾರದು ಅಂತ. ಆಮೇಲೆ ಮನೆಯಲ್ಲೇ ಮಾತ್ರೆ ಕೊಡುವ ಕಾಲ ಬಂತು. ದಿನಾ ರಾತ್ರಿ ಒಂದು, ಅದರ ಹೊತ್ತಿಗೆ ಹಾಲು ಕೊಡಬಾರದು. ಶನಿವಾರ ಮಾತ್ರ ಹಳದಿ ಮಾತ್ರೆಗಳು. ಲೆಕ್ಕ ತಪ್ಪಬಾರದು ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದಳು. ಇದನ್ನೇ ತಿನ್ನಿಸುತ್ತಿದ್ದಳು ಸ್ವಾಮಿ.

ಹಾಗಾದರೆ ಕಾಯಿಲೆ ಯಾಕೆ ಬಂತು? ಮಕ್ಕಳ ಲ್ಯುಕೇಮಿಯಾದಲ್ಲಿ, ಅಂದರೆ ಈ ಬ್ಲಡ್ ಕ್ಯಾನ್ಸರಿನಲ್ಲಿ, ಹೆಚ್ಚಿನವರಿಗೆ ಇಂಥದ್ದೇ ಕಾರಣ ಅಂತ ಬೆರಳು ತೋರಿಸಲು ಆಗುವುದೇ ಇಲ್ಲ. ವಿಕಿರಣ ಜಾಸ್ತಿ ಬಿದ್ದರೆ ಅಪಾಯ ಹೆಚ್ಚುತ್ತದೆ, ಹಿರೋಶಿಮಾದಲ್ಲಿ ಬದುಕಿ ಉಳಿದವರಲ್ಲಿ ಅದು ಕಂಡಿತು. ದೊಡ್ಡವರಲ್ಲಿ ಬೆಂಜೀನ್ ಇದೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಿಗೆ ಅಪಾಯ ಜಾಸ್ತಿ. ಇನ್ನೂ ಒಂದು ವಿಷಯ ನನ್ನನ್ನು ಬಹಳ ದಿನ ಕಾಡಿತು. ಲ್ಯುಕೇಮಿಯಾ ಬಂದ ಮಕ್ಕಳು ಹುಟ್ಟಿದಾಗ ಹಿಮ್ಮಡಿಗೆ ಸೂಜಿ ಚುಚ್ಚಿ ತೆಗೆದ ರಕ್ತದ ಕಲೆ, ಕಾಗದದ ಕಾರ್ಡಿನ ಮೇಲೆ ಒಣಗಿ ಉಳಿದಿತ್ತು. ವಿಜ್ಞಾನಿಗಳು ಅದನ್ನು ತೆಗೆದು ಪರೀಕ್ಷೆ ಮಾಡಿದರು. ಎಷ್ಟೋ ಮಕ್ಕಳಲ್ಲಿ ಕಾಯಿಲೆಯ ಮೊದಲ ಜೀನ್ ಎಡವಟ್ಟು ಆ ಕಲೆಯಲ್ಲೇ ಸಿಕ್ಕಿತು. ಅಂದರೆ ಮಗು ಮೊದಲ ತುತ್ತು ತಿನ್ನುವ ಮೊದಲೇ ಆಗಿಹೋಗಿತ್ತು. ಇಂಥ ಎಡವಟ್ಟು ಇಟ್ಟುಕೊಂಡು ಹುಟ್ಟುವ ಮಕ್ಕಳಲ್ಲಿ ಹೆಚ್ಚಿನವರಿಗೆ ಕಾಯಿಲೆ ಬರುವುದೂ ಇಲ್ಲ. ಎಲ್ಲೋ ಎರಡನೇ ಪೆಟ್ಟು ಬಿದ್ದವರಿಗೆ ಬರುತ್ತದೆ.

ಆ ಎರಡನೇ ಪೆಟ್ಟು ಯಾವುದು? 2018ರಲ್ಲಿ ಲಂಡನ್ನಿನ ವಿಜ್ಞಾನಿ ಮೆಲ್ ಗ್ರೀವ್ಸ್ ಒಂದು ವಾದ ಮುಂದಿಟ್ಟರು. ಮೊದಲ ವರ್ಷದಲ್ಲಿ ಸಣ್ಣಪುಟ್ಟ ಸೋಂಕು ತಗಲದ ಮಗುವಿನ ದೇಹ, ಆಮೇಲೆ ಬರುವ ಸೋಂಕಿಗೆ ವಿಪರೀತವಾಗಿ ಎದ್ದು ನಿಲ್ಲಬಹುದು ಅಂತ. ಅದು ವಾದ, ತೀರ್ಪಲ್ಲ. ನಮ್ಮ ಫ್ಯಾಮಿಲಿ ಗ್ರೂಪಿಗೆ ಅದು ಬಂದು ಬಿದ್ದದ್ದು ಹೇಗೆ ಗೊತ್ತಾ? 'ನೋಡಿ, ಮಕ್ಕಳನ್ನು ಜಾಸ್ತಿ ಕ್ಲೀನ್ ಇಟ್ಟರೆ ಬ್ಲಡ್ ಕ್ಯಾನ್ಸರ್.' ಅದುವರೆಗೆ ಅಕ್ಕ ಗಲೀಜು ತಿನ್ನಿಸಿದ್ದಳು. ಅವತ್ತಿನಿಂದ ಕೈ ಜಾಸ್ತಿ ತೊಳೆಸಿದ್ದಳು.

ಭಾವನನ್ನು ಮಾತ್ರ ಈ ಹತ್ತು ವರ್ಷದಲ್ಲಿ ಒಬ್ಬರೂ ಒಂದು ಪ್ರಶ್ನೆ ಕೇಳಿಲ್ಲ. ಭಾವ ಪಾಪ, ಯಾರಾದರೂ ಕೇಳಲಿ ಅಂತ ಕಾಯುತ್ತಿದ್ದಾರೆ.

ಸರಿ, ಕಾರಣ ಹುಡುಕಬಾರದಾ, ಊಟದ ಬಗ್ಗೆ ಕೇಳಲೇಬಾರದಾ ಅಂತ ನೀವು ಕೇಳಬಹುದು. ಕೇಳಲಿ ಮಾರಾಯ್ರೇ. ಇದೇ ಬಾಂಬೆಯಲ್ಲಿ ಒಬ್ಬರು ಕೇಳಿದ್ದರು. ಲೂಸಿ ವಿಲ್ಸ್ ಅನ್ನುವ ಇಂಗ್ಲೆಂಡಿನ ಡಾಕ್ಟರ್ 1928ರಲ್ಲಿ ಇಲ್ಲಿಗೆ ಬಂದರು. ಬಟ್ಟೆ ಗಿರಣಿಗಳಲ್ಲಿ ದುಡಿಯುವ ಬಸುರಿಯರು ರಕ್ತ ಇಲ್ಲದೆ ಸಾಯುತ್ತಿದ್ದರು. ಎಂತ ತಿನ್ನುತ್ತೀರಿ ಅಂತ ಆಕೆಯೂ ಕೇಳಿದರು, ಆದರೆ ಪರೀಕ್ಷೆ ಮಾಡಿ ನೋಡಲು. ಯೀಸ್ಟಿನ ಸಾರದಿಂದ ಆ ಬಸುರಿಯರು ಚೇತರಿಸಿಕೊಂಡರು. ಅದರಲ್ಲಿದ್ದದ್ದು ಇವತ್ತು ಬಸುರಿಯರಿಗೆಲ್ಲ ಕೊಡುವ ಫೋಲಿಕ್ ಆಸಿಡ್. ಆಮೇಲೆ ಅಮೆರಿಕದಲ್ಲಿ ಸಿಡ್ನಿ ಫಾರ್ಬರ್ ಅನ್ನುವ ಡಾಕ್ಟರ್, ಲ್ಯುಕೇಮಿಯಾ ಮಕ್ಕಳಿಗೂ ಅಂಥದ್ದನ್ನೇ ಕೊಟ್ಟು ನೋಡಿದರು. ಕಾಯಿಲೆ ಇನ್ನೂ ಜೋರಾಯಿತು. ಹಾಗಾದರೆ ಫೋಲಿಕ್ ಆಸಿಡ್ಡನ್ನು ತಡೆದರೆ? ತಡೆಯುವ ವಸ್ತು ತಯಾರಾದದ್ದು ನಮ್ಮ ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡದಲ್ಲಿ. 1948ರಲ್ಲಿ ಫಾರ್ಬರ್ 16 ಮಕ್ಕಳ ವರದಿ ಬರೆದರು, 10 ಮಕ್ಕಳಿಗೆ ಸ್ವಲ್ಪ ಕಾಲವಾದರೂ ಗುಣ ಕಂಡಿತ್ತು. ಅಕ್ಕನ ಶನಿವಾರದ ಹಳದಿ ಮಾತ್ರೆ, ಮೆಥೋಟ್ರೆಕ್ಸೇಟ್, ಅದೇ ವಂಶದ್ದು. ಇವತ್ತು ಶ್ರೀಮಂತ ದೇಶಗಳಲ್ಲಿ ಈ ಕಾಯಿಲೆ ಬಂದ 100 ಮಕ್ಕಳಲ್ಲಿ ಸುಮಾರು 90 ಮಕ್ಕಳು ಉಳಿಯುತ್ತಾರೆ. ನಮ್ಮಲ್ಲಿ ಅಷ್ಟಿಲ್ಲ. ದುಡ್ಡು ಮುಗಿದು, ಊರು ದೂರ ಆಗಿ ಅರ್ಧಕ್ಕೇ ಬಿಟ್ಟು ಹೋಗುವವರಿದ್ದಾರೆ, ಸೋಂಕು ತಗಲಿ ಹೋಗುವ ಮಕ್ಕಳಿದ್ದಾರೆ. ಆ ಮಕ್ಕಳ ಬಗ್ಗೆ ಕೇಳಿ, ಪಂಕ್ತಿಯಲ್ಲೇ ಕೇಳಿ, ನನಗೆ ಬೇಜಾರಿಲ್ಲ.

ಪರೇಲಿನ ಟಾಟಾ ಕ್ಯಾನ್ಸರ್ ಆಸ್ಪತ್ರೆಯ ಹಿಂದೆಯೂ ಈ ಕಾಯಿಲೆಯೇ ಇದೆ. ದೊರಾಬ್‌ಜಿ ಟಾಟಾ ಅವರ ಹೆಂಡತಿ ಮೆಹರ್‌ಬಾಯಿ 1931ರಲ್ಲಿ ಲ್ಯುಕೇಮಿಯಾದಿಂದ ತೀರಿಕೊಂಡರು, 1941ರಲ್ಲಿ ಆಸ್ಪತ್ರೆ ತೆರೆಯಿತು. ದೊರಾಬ್‌ಜಿ ಅವರನ್ನು 'ಹೆಂಡತಿಗೆ ಎಂತ ತಿನ್ನಿಸ್ತಿದ್ರಿ' ಅಂತ ಯಾರಾದರೂ ಕೇಳಿದ್ದರಾ?

ಊಟ ಆಯ್ತು. ಕೈ ತೊಳೆದು ಬಂದ ಹಿರಿಯರು ಕಿಸೆಯಿಂದ ಡಬ್ಬಿ ತೆಗೆದರು. ಎಲೆ, ಅಡಿಕೆ, ಸುಣ್ಣ, ಒಂದು ಚೂರು ಹೊಗೆಸೊಪ್ಪು. ಬಾಯಿ ಕ್ಯಾನ್ಸರಿಗೆ ಕಾರಣ ಗೊತ್ತಿಲ್ಲ ಅಂತ ಯಾವ ಡಾಕ್ಟರೂ ಹೇಳುವುದಿಲ್ಲ. ಹೊಗೆಸೊಪ್ಪು ಬಿಡಿ, ಬರೀ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಕ್ಯಾನ್ಸರ್ ತರುವ ಪಟ್ಟಿಯಲ್ಲಿ ಹಾಕಿದೆ. (ಊರಿನವರು ಬೈಯಬೇಡಿ, ನಮ್ಮಪ್ಪನದೂ ಅಡಿಕೆ ತೋಟವೇ. ನನ್ನ ಕಾಲೇಜು ಫೀಸು ಬಂದದ್ದೂ ಅದರಿಂದಲೇ.) ನಾನು ಸುಮ್ನೆ ಇದ್ದೆ. ಹಿರಿಯರು. ಗೃಹಪ್ರವೇಶ ಬೇರೆ.

ಇಷ್ಟೆಲ್ಲಾ ಕೂಗಾಡುತ್ತಿದ್ದೇನಲ್ಲ, ಒಂದು ಮಾತು ಹೇಳಿಬಿಡುತ್ತೇನೆ. ಹತ್ತು ವರ್ಷದ ಹಿಂದೆ ಅಕ್ಕ ರಿಪೋರ್ಟ್ ಹಿಡಿದು ಫೋನ್ ಮಾಡಿದಾಗ ನನ್ನ ಬಾಯಿಂದ ಮೊದಲು ಬಂದ ಮಾತು, 'ಅಯ್ಯೋ, ಹೊರಗಿನದು ಜಾಸ್ತಿ ಕೊಡ್ತಿದ್ರಾ?' ಆ ಕಡೆಯಿಂದ ಬಹಳ ಹೊತ್ತು ಏನೂ ಕೇಳಲಿಲ್ಲ. ಲೈನ್ ಕಟ್ ಆಯ್ತು ಅಂದುಕೊಂಡೆ. ಆಗಿರಲಿಲ್ಲ.

ನಿನ್ನೆ ರಾತ್ರಿ ಹನ್ನೊಂದೂವರೆಗೆ ಅಕ್ಕನ ಮೆಸೇಜು. 'ಚೌಪಾಟಿಯಲ್ಲಿ ಅವಳು ಹಟ ಮಾಡಿದಳು ಅಂತ ಎರಡು ಸಲ ಬರ್ಫ್ ಗೋಲಾ ಕೊಡಿಸಿದ್ದೆ. ಆ ಕೆಂಪು ಬಣ್ಣದ್ದು. ಅದಿರಬಹುದಾ?'

ಕಾರ್ಡಿನ ಮೇಲಿನ ರಕ್ತದ ಕಲೆಯ ವಿಷಯ ಮತ್ತೆ ಮೊದಲಿನಿಂದ ಬರೆದು ಕಳಿಸಿದೆ. ಎಷ್ಟನೇ ಸಲವೋ. ಓದಿದಳು, ನೀಲಿ ಗೆರೆ ಬಂತು. ಸ್ವಲ್ಪ ಹೊತ್ತು ಬಿಟ್ಟು ಉತ್ತರ: 'ಸರಿ. ಮಲಗು ನೀನು.'