ಮಲಕ್ಕೂ ಮಂಜೂರಾತಿ ಬೇಕು ಸ್ವಾಮಿ

ಬರಗಾಲ ಬಂದರೂ ನಿಲ್ಲದೆ, ಯಾರೂ ಕೇಳದೆ, ದಿನಾ ಬೆಳಿಗ್ಗೆ ಪುಕ್ಕಟೆ ತಯಾರಾಗುವ ವಸ್ತು ಜಗತ್ತಿನಲ್ಲಿ ಒಂದೇ. ಅದನ್ನೂ ರೋಗಿಯ ಕೈಗೆ ಸಿಗದ ಹಾಗೆ ಮಾಡುವುದು ಸುಲಭ ಅಲ್ಲ. ಅಮೆರಿಕದವರು ಅದನ್ನೂ ಸಾಧಿಸಿ ತೋರಿಸಿದ್ದಾರೆ.

ವಿಷಯ ಇಷ್ಟು. ಯಾವುದೋ ಸೋಂಕಿಗೆ ಆಂಟಿಬಯೋಟಿಕ್ ನುಂಗುತ್ತೀರಿ. ಅದು ಕೆಟ್ಟ ಬ್ಯಾಕ್ಟೀರಿಯಾ ಜೊತೆಗೆ ಕರುಳಿನ ಒಳ್ಳೆಯವನ್ನೂ ಸಾಯಿಸುತ್ತದೆ. ಖಾಲಿ ಬಿದ್ದ ಜಾಗಕ್ಕೆ ಸಿ. ಡಿಫ್ ಎಂಬ ಪುಂಡ ಬ್ಯಾಕ್ಟೀರಿಯಾ ಬಂದು ಕೂರುತ್ತಾನೆ. ಭೇದಿ, ಜ್ವರ, ಹೊಟ್ಟೆನೋವು. ಅದಕ್ಕೆ ಮದ್ದು ಏನು? ಮತ್ತೆ ಆಂಟಿಬಯೋಟಿಕ್! ಪುಂಡ ಗಟ್ಟಿ ಕವಚ ಹೊದ್ದು ಮಲಗಿರುತ್ತಾನೆ, ಮಾತ್ರೆ ಮುಗಿಯುವುದನ್ನೇ ಕಾದು ಏಳುತ್ತಾನೆ. ಕೆಲವರಿಗೆ ಇದು ಮುಗಿಯುವುದೇ ಇಲ್ಲ.

ಇದಕ್ಕೊಂದು ಒಳ್ಳೆ ದಾರಿ ಇದೆ. ಆರೋಗ್ಯವಂತರ ಮಲವನ್ನು ಪರೀಕ್ಷೆ ಮಾಡಿ, ಸೋಸಿ, ರೋಗಿಯ ಕರುಳಿಗೆ ಸೇರಿಸುವುದು. ಅಯ್ಯೋ ಅನ್ನಬೇಡಿ. ಡೆನ್ವರ್‌ನ ಸರ್ಜನ್ ಬೆನ್ ಐಸ್‌ಮನ್ ಮತ್ತವರ ಜೊತೆಗಾರರು ಇಂಥದ್ದೇ ಎನಿಮಾ ಕೊಟ್ಟು ನಾಲ್ಕು ರೋಗಿಗಳನ್ನು ಉಳಿಸಿದ್ದನ್ನು 1958ರಲ್ಲೇ ಬರೆದಿದ್ದಾರೆ. 2013ರಲ್ಲಿ ನೆದರ್‌ಲೆಂಡ್ಸ್‌ನ ಪರೀಕ್ಷೆಯಲ್ಲಿ 16 ಜನರ ಪೈಕಿ 13 ಮಂದಿ ಒಂದೇ ಸಲಕ್ಕೆ ವಾಸಿಯಾದರು, ಇನ್ನೂ ಇಬ್ಬರು ಎರಡನೇ ಸಲಕ್ಕೆ. ಬರೀ ವ್ಯಾಂಕೊಮೈಸಿನ್ ಎಂಬ ಆಂಟಿಬಯೋಟಿಕ್ ತಿಂದ 13 ಜನರಲ್ಲಿ ವಾಸಿಯಾದವರು ನಾಲ್ಕೇ. ಫಲಿತಾಂಶ ಅಷ್ಟು ಏಕಪಕ್ಷೀಯವಾಗಿದ್ದರಿಂದ ಪರೀಕ್ಷೆಯನ್ನೇ ಅರ್ಧಕ್ಕೆ ನಿಲ್ಲಿಸಿದರು.

ಅದೇ ವರ್ಷ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎಗೆ ಎಚ್ಚರವಾಯಿತು. ಇದು ಔಷಧಿ, ಆದ್ದರಿಂದ ಹೊಸ ಔಷಧಿಯ ಪ್ರಯೋಗಕ್ಕೆ ಹಾಕುವ ಅರ್ಜಿಯನ್ನೇ ಹಾಕಿ ಎಂದಿತು. ವೈದ್ಯರು ಗಲಾಟೆ ಮಾಡಿದರು. ಆಮೇಲೆ ಬಂದ ತೀರ್ಮಾನ ನೋಡಿ: ನಿಯಮ ಹಾಗೇ ಇರುತ್ತದೆ, ಸಿ. ಡಿಫ್ ವಾಸಿಯಾಗದ ರೋಗಿಗಳ ವಿಷಯದಲ್ಲಿ ನಾವು ಕಣ್ಣು ಮುಚ್ಚಿಕೊಂಡಿರುತ್ತೇವೆ. ಸರ್ಕಾರಿ ಕಣ್ಣು ಮುಚ್ಚಿದಾಗ ಇಷ್ಟು ಜನಕ್ಕೆ ಒಳ್ಳೆಯದಾಗಿದ್ದು ಅಪರೂಪ.

ಆ ಸಂದಿಯಲ್ಲಿ, ದಾನಿಗಳ ಮಲ ಪರೀಕ್ಷಿಸಿ ಆಸ್ಪತ್ರೆಗಳಿಗೆ ಕೊಡುವ ಮಲದ ಬ್ಯಾಂಕುಗಳು ನಡೆದವು. ಮ್ಯಾಸಚೂಸೆಟ್ಸ್‌ನ ಓಪನ್‌ಬಯೋಮ್‌ಗೆ ದಾನ ಕೊಡಲು ನೂರು ಜನ ಬಂದರೆ ಮೂವರು ಪಾಸಾಗುವುದೂ ಕಷ್ಟವಿತ್ತು. ಇಷ್ಟು ಕಟ್ಟುನಿಟ್ಟು ಯಾವ ನೌಕರಿಯ ಸಂದರ್ಶನದಲ್ಲೂ ಇರಲಿಕ್ಕಿಲ್ಲ. ಪಾಸಾದವರಿಗೆ ಒಂದು ಸಲಕ್ಕೆ 40 ಡಾಲರ್ ಸಿಗುತ್ತಿತ್ತು.

ಕಟ್ಟುನಿಟ್ಟು ಬೇಡ ಅಂತ ಯಾರೂ ಹೇಳುತ್ತಿಲ್ಲ. 2019ರಲ್ಲಿ ಮದ್ದಿಗೆ ಬಗ್ಗದ ಇ. ಕೋಲಿ ಬ್ಯಾಕ್ಟೀರಿಯಾ ದಾನಿಯ ಮಲದಿಂದ ದಾಟಿ ಒಬ್ಬ ರೋಗಿ ಸತ್ತರು. ಪರೀಕ್ಷೆ ಬೇಕೇ ಬೇಕು. ಹಾಗಾದರೆ ಪರೀಕ್ಷೆಯಲ್ಲಿ ಪಳಗಿದ ಬ್ಯಾಂಕುಗಳನ್ನು ಗಟ್ಟಿ ಮಾಡಬೇಕಿತ್ತು, ಅಲ್ವಾ? 2022ರ ನವೆಂಬರ್‌ನಲ್ಲಿ ಕಂಪನಿಯೊಂದು ಮಲದಿಂದ ತಯಾರಿಸಿದ ರೆಬಯೋಟಾ ಎಂಬ ಔಷಧಿಗೆ ಒಪ್ಪಿಗೆ ಸಿಕ್ಕಿತು, ಅದೇ ತಿಂಗಳು ಕಣ್ಣು ಮುಚ್ಚುವ ರಿಯಾಯಿತಿಯಿಂದ ಬ್ಯಾಂಕುಗಳನ್ನು ಹೊರಗಿಟ್ಟರು. ಆಸ್ಪತ್ರೆಯವರು ತಾವೇ ದಾನಿ ಹುಡುಕಿ, ತಾವೇ ಪರೀಕ್ಷೆ ಮಾಡಿಸಿ, ತಮ್ಮ ರೋಗಿಗೆ ಕೊಟ್ಟರೆ ಪರವಾಗಿಲ್ಲವಂತೆ. ಅಂದರೆ ಈ ಕೆಲಸ ಗೊತ್ತಿದ್ದವರು ಅರ್ಜಿ ಹಾಕಬೇಕು, ಗೊತ್ತಿಲ್ಲದವರು ಶುರು ಮಾಡಬಹುದು.

2023ರಲ್ಲಿ ವೌಸ್ಟ್ ಮಾತ್ರೆ ಬಂತು. ದಿನಕ್ಕೆ ನಾಲ್ಕು, ಮೂರು ದಿನ, ಒಟ್ಟು 12. ಕಂಪನಿ ಇಟ್ಟ ಬೆಲೆ 17,500 ಡಾಲರ್. ಮಾತ್ರೆಯೊಳಗಿನ ಜೀವಿಗಳು ಬಂದಿರುವುದು ಮನುಷ್ಯರ ಮಲದಿಂದಲೇ. ಶೌಚಾಲಯದಿಂದ ಹೊರಟು ಔಷಧಿ ಅಂಗಡಿ ಮುಟ್ಟುವಷ್ಟರಲ್ಲಿ ಇಷ್ಟು ಬೆಲೆ ಏರಿದ ಸರಕು ಇನ್ನೊಂದಿಲ್ಲ. ಈ ಎರಡೂ ಉತ್ಪನ್ನಗಳಿಗೆ ಒಪ್ಪಿಗೆ ಸಿಕ್ಕಿರುವುದು 18 ತುಂಬಿದವರಿಗೆ ಮಾತ್ರ. ಮಕ್ಕಳ ಕರುಳು ದೊಡ್ಡದಾಗುವ ತನಕ ಕಾಯಬೇಕೇನೋ. ಬ್ರಿಟನ್‌ನ ಚಿಕಿತ್ಸೆಗಳ ಬಗ್ಗೆ ಸಲಹೆ ಕೊಡುವ ನೈಸ್ ಸಂಸ್ಥೆ ಮಾತ್ರ 2022ರಲ್ಲೇ ಲೆಕ್ಕ ಹಾಕಿ, ಎರಡು ಅಥವಾ ಜಾಸ್ತಿ ಸಲ ಸೋಂಕು ಬಂದಿರುವ ವಯಸ್ಕರಿಗೆ ಮಲ ಕಸಿಯನ್ನೇ ಕೊಡಿ, ದುಡ್ಡೂ ಉಳಿಯುತ್ತದೆ ಎಂದಿತು.

ಇತ್ತ ರೋಗಿ ಸುಮ್ನೆ ಕೂರುತ್ತಾನಾ? ಅಣ್ಣನನ್ನೋ ಹೆಂಡತಿಯನ್ನೋ ದಾನಿ ಮಾಡಿಕೊಂಡು, ಇಂಟರ್ನೆಟ್ ನೋಡಿಕೊಂಡು, ಮನೆಯ ಮಿಕ್ಸಿಯಲ್ಲೇ ಶುರು ಮಾಡಿದವರು ಇದ್ದಾರೆ. ಅಣ್ಣನಿಗೆ ಹೆಪಟೈಟಿಸ್ ಇದೆಯೋ ಇಲ್ಲವೋ, ಯಾರು ನೋಡಿದರು! ಸುರಕ್ಷತೆಗಾಗಿ ಮಾಡಿದ ನಿಯಮ ರೋಗಿಯನ್ನು ಇಲ್ಲಿಗೆ ತಂದು ನಿಲ್ಲಿಸಿದೆ. ಎನಿಮಾ ಕಿಟ್ ಕೊಳ್ಳಲು ವೈದ್ಯರ ಚೀಟಿ ಬೇಕಿಲ್ಲ. ಮಿಕ್ಸಿಗಂತೂ ವಾರಂಟಿ ಬೇರೆ ಇರುತ್ತದೆ.