ದಪ್ಪ ಚರ್ಮದ ನೆಂಟರು

ಇಂಗ್ಲಿಷಿನಲ್ಲಿ ‘ಪ್ಯಾಕಿಡರ್ಮಟಸ್’ ಎಂಬ ಅಪರೂಪದ ಗುಣವಾಚಕವೊಂದಿದೆ. ಗ್ರೀಕಿನಲ್ಲಿ ‘ಪ್ಯಾಖಿಸ್’ ಎಂದರೆ ದಪ್ಪ, ‘ಡರ್ಮ’ ಎಂದರೆ ಚರ್ಮ. ಆನೆಯಂಥ ಪ್ರಾಣಿಗಳಿಗೆ ಸಲ್ಲುವ ಈ ಮಾತು ಏನೆಂದರೂ ನಾಟದ ಮನುಷ್ಯರಿಗೂ ಸಲ್ಲುತ್ತದೆ. ಕೊಡಗಿನ ಸಿದ್ದಾಪುರದ ಕಡೆಯ ನಮ್ಮ ಕಾಫಿ ತೋಟಕ್ಕೆ ಹಲಸಿನ ಕಾಲದಲ್ಲಿ ಎರಡೂ ಬಗೆಯವರು ದಯಮಾಡಿಸುವುದರಿಂದ, ಇವರನ್ನು ಹೋಲಿಸಿ ನೋಡುವ ಸೌಭಾಗ್ಯ ನಮಗೆ ತಾನಾಗಿ ಒದಗಿದೆ.

ಫ್ರಾನ್ಸಿನ ಪ್ರಾಣಿವಿಜ್ಞಾನಿ ಜಾರ್ಜ್ ಕುವಿಯೆ 1817ರಲ್ಲಿ ಪ್ರಕಟಿಸಿದ ವರ್ಗೀಕರಣದಲ್ಲಿ ಆನೆ, ಘೇಂಡಾಮೃಗ, ನೀರಾನೆಗಳ ಜೊತೆಗೆ ಹಂದಿ, ಕುದುರೆಗಳನ್ನೂ ದಪ್ಪ ಚರ್ಮದ ಒಂದೇ ಗುಂಪಿಗೆ ಸೇರಿಸಿದ್ದ. ಆನೆಯನ್ನೂ ಹಂದಿಯನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸುವ ಧೈರ್ಯ ಕೊಡಗಿನಲ್ಲಿ ಯಾರಿಗೂ ಇಲ್ಲ. ಇಲ್ಲಿ ಒಂದಕ್ಕೆ ಕಾಚಂಪುಳಿಯೆಂಬ ಅಡುಗೆಯ ಹುಳಿ ಹಾಕುತ್ತಾರೆ, ಇನ್ನೊಂದಕ್ಕೆ ಕೈಮುಗಿದು ದಾರಿ ಬಿಡುತ್ತಾರೆ. ಮುಂದೆ ವಿಜ್ಞಾನಿಗಳೇ ಆ ಗುಂಪನ್ನು ಒಡೆದು ಹಾಕಿದರೂ ಪದ ಮಾತ್ರ ಉಳಿದುಕೊಂಡಿತು.

ಇದರಿಂದ ಅನ್ಯಾಯವಾದದ್ದು ಆನೆಗೆ. ಅದರ ಚರ್ಮ ಕೆಲವೆಡೆ ಸುಮಾರು 2.5 ಸೆಂಟಿಮೀಟರ್ ದಪ್ಪವಿದ್ದರೂ ನೊಣ ಕೂತರೆ ತಿಳಿಯುವಷ್ಟು ಸೂಕ್ಷ್ಮ. ಕಿವಿಯ ಹಿಂಬದಿಯಲ್ಲಂತೂ ತೀರಾ ತೆಳು. ಬಿಸಿಲು, ಕೀಟಗಳ ಕಾಟ ತಾಳದೆಯೇ ಅದು ಮೈಗೆ ಕೆಸರು ಮೆತ್ತಿಕೊಳ್ಳುವುದು.

ಹೋದ ಮಳೆಗಾಲದ ಒಂದು ರಾತ್ರಿ ಕರೆಂಟಿಲ್ಲದ ಹೊತ್ತಿನಲ್ಲಿ ಕಾಡಾನೆಯೊಂದು ಸೋಲಾರ್ ಬೇಲಿಯ ಮೇಲೆ ಮರ ಕೆಡವಿ ಒಳಬಂದು, ಕಾಫಿ ಕಣದ ಅಂಚಿನ ಬಕ್ಕೆ ಹಲಸಿನ ಹಣ್ಣುಗಳನ್ನು ಒಂದೊಂದಾಗಿ ಕಿತ್ತು, ಕಾಲಲ್ಲಿ ಒತ್ತಿ ಬಿರಿಸಿ, ಸಾವಕಾಶವಾಗಿ ತಿನ್ನತೊಡಗಿತು. ತೋಟದ ಕೆಲಸಗಾರರ ಲೈನ್ ಮನೆಯವರು ಪಟಾಕಿ ಸಿಡಿಸಿದ್ದೇ ತಡ, ಬೆಚ್ಚಿ ಕಿವಿ ಅಗಲಿಸಿ, ಬಾಯಲ್ಲಿದ್ದುದನ್ನೂ ಬಿಟ್ಟು, ನಮ್ಮ ನೀರಿನ ಪೈಪನ್ನು ತುಳಿದು ಓಡಿತು. ಅವಮಾನವಾಯಿತೇನೋ, ಆ ವಾರವೆಲ್ಲ ಇತ್ತ ಸುಳಿಯಲಿಲ್ಲ.

ಎರಡು ದಿನಕ್ಕೆಂದು ಬಂದು ಹಲಸು ಮುಗಿಯುವವರೆಗೆ ಉಳಿಯುವ ನಮ್ಮ ಭಾವನವರು ಅದೇ ಪಟಾಕಿಗೆ ಮಗ್ಗುಲು ಬದಲಿಸಿದರು, ಅಷ್ಟೆ. ನಲ್ಲಿಯಲ್ಲಿ ನೀರಿಲ್ಲದ ಬೆಳಿಗ್ಗೆ, ನಾವೆಲ್ಲ ಕೊಡ ಹಿಡಿದು ಬಾವಿಗೂ ಮನೆಗೂ ಅಲೆಯುತ್ತಿರುವಾಗ, ಜಗಲಿಯಲ್ಲಿ ಕಾಲು ಚಾಚಿ, “ಅತ್ತೇ, ಆನೆ ನಮಗೆ ಅಂತ ಏನಾದರೂ ಉಳಿಸಿದೆಯಾ?” ಎಂದು ವಿಚಾರಿಸಿದರು. ನೆಂಟರು ಹೆಚ್ಚು ದಿನ ನಿಂತರೆ ಆಗುವ ತೊಂದರೆಗಳ ಬಗ್ಗೆ ಅಮ್ಮ ಅವರೆದುರೇ ಪಕ್ಕದ ಮನೆಯವರ ಕಥೆಯೊಂದನ್ನು ವಿಸ್ತಾರವಾಗಿ ಹೇಳಿದಾಗ, ಆ ನೆಂಟರಿಗೆ ನಾಚಿಕೆಯೇ ಇಲ್ಲವೆಂದು ಮನಸಾರೆ ಬೈದವರೂ ಅವರೇ.

ಈ ವರ್ಷ ಹಲಸನ್ನು ಬಲಿಯುವ ಹೊತ್ತಿಗೇ ಕೊಯ್ಯಿಸಿಬಿಟ್ಟೆವು. ಆನೆ ಬರಲಿಲ್ಲ. ಭಾವನವರು ಫೋನ್ ಮಾಡಿ, ಕಾಯಿ ಕೊಯ್ದಿದ್ದರೆ ಹಪ್ಪಳಕ್ಕೆ ಕೈಜೋಡಿಸಲು ಭಾನುವಾರವೇ ಬರುವುದಾಗಿ ತಿಳಿಸಿದ್ದಾರೆ.