ಬೇಸ್ ಜಂಪಿಂಗ್‌ನಲ್ಲಿ ಎರಡನೇ ಪ್ಯಾರಾಚೂಟ್ ಇರುವುದಿಲ್ಲ

ಹುಬ್ಬಳ್ಳಿ-ಧಾರವಾಡದ ಟ್ರೆಕ್ಕಿಂಗ್ ವಾಟ್ಸಾಪ್ ಗುಂಪುಗಳಲ್ಲಿ ಕಟ್ಟಡ, ಟವರ್, ಸೇತುವೆ, ಬಂಡೆಯಿಂದ ಪ್ಯಾರಾಚೂಟ್ ಕಟ್ಟಿಕೊಂಡು ಹಾರುವ ಬೇಸ್ ಜಂಪಿಂಗ್ ಬಗ್ಗೆ ಒಂದು ಮೆಸೇಜ್ ಓಡಾಡುತ್ತಿದೆ: ‘ಬೇಸ್ ಜಂಪ್‌ನಲ್ಲಿ ಪ್ಯಾರಾಚೂಟ್ ಮಡಚೋದು ತಪ್ಪಿದರೂ ಚಿಂತೆಯಿಲ್ಲ, ಬೆನ್ನಲ್ಲಿ ಇನ್ನೊಂದು ಇರುತ್ತೆ.’ ಇದು ಸುಳ್ಳು. ದಯವಿಟ್ಟು ಮುಂದೆ ಕಳಿಸಬೇಡಿ.

ಇನ್ನೊಂದು ಇರುವುದು ವಿಮಾನದಿಂದ ಹಾರುವ ಸ್ಕೈಡೈವಿಂಗ್‌ನಲ್ಲಿ. ಅಲ್ಲಿ ಎತ್ತರ ಜಾಸ್ತಿ, ಸಮಯ ಸಿಗುತ್ತದೆ. ಬೇಸ್ ಜಂಪ್ ಮಾಡುವವರ ಬೆನ್ನಲ್ಲಿ ಸಾಮಾನ್ಯವಾಗಿ ಒಂದೇ ಪ್ಯಾರಾಚೂಟ್. 100 ಮೀಟರ್‌ನಿಂದ ಬಿದ್ದರೆ ನೆಲ ಮುಟ್ಟಲು ಸುಮಾರು 4.5 ಸೆಕೆಂಡ್ ಸಾಕು. ಎರಡನೆಯದನ್ನು ಬಿಚ್ಚಲು ಹೊತ್ತೆಲ್ಲಿ?

ಹಾಗಾಗಿ ಮಡಚುವ ಕೆಲಸವೇ ಜೀವ ಕಾಯುತ್ತದೆ. ಮೊದಲು ಹೊರಬಂದು ದೊಡ್ಡ ಪ್ಯಾರಾಚೂಟನ್ನು ಎಳೆದು ತೆಗೆಯುವ ಪುಟ್ಟ ಪೈಲಟ್ ಚೂಟ್‌ನ ಪಟ್ಟಿ ಬೆಲ್ಟಿನಡಿ ಸಿಕ್ಕಿಕೊಂಡರೆ ಚೀಲ ತೆರೆಯುವುದೇ ಇಲ್ಲ. ಒಂದು ದಾರ ಬಟ್ಟೆಯ ಮೇಲೆ ಹಾದುಹೋದರೆ ಪ್ಯಾರಾಚೂಟ್ ಪೂರ್ತಿ ಅರಳುವುದಿಲ್ಲ. ತೆರೆಯುವ ವೇಗ ತಗ್ಗಿಸುವ, ದಾರಗಳ ಮೇಲಿನ ಬಟ್ಟೆಯ ತುಂಡಾದ ಸ್ಲೈಡರ್ ಎತ್ತರದ ಜಿಗಿತಕ್ಕೆ ಬೇಕು. ಕಡಿಮೆ ಎತ್ತರದಲ್ಲಿ ಅದನ್ನು ಕೆಳಗಿಳಿಸಿ ಅಥವಾ ತೆಗೆದೇ ಮಡಚಬೇಕು, ಇಲ್ಲದಿದ್ದರೆ ಅರಳುವಷ್ಟರಲ್ಲಿ ನೆಲ ಬಂದಿರುತ್ತದೆ. ಮಡಚುವಾಗ ಹಾಕಿದ ಕ್ಲಿಪ್ಪೊಂದು ಒಳಗೇ ಉಳಿದರೂ ಸಾವು ಬರಬಹುದು. ಮಡಚುವ ಮೊದಲು ಕ್ಲಿಪ್ಪುಗಳನ್ನು ಎಣಿಸಿಕೊಳ್ಳಬೇಕು, ಮುಗಿದ ಮೇಲೆ ಅಷ್ಟೂ ಕೈಯಲ್ಲಿವೆಯೇ ಎಂದು ನೋಡಬೇಕು. ದಣಿದಾಗ, ಮಾತಾಡುತ್ತಾ ಮಡಚಲೇಬಾರದು. ನಡುವೆ ಯಾರಾದರೂ ಕರೆದರೆ ಮೊದಲಿನಿಂದ ಶುರು ಮಾಡಬೇಕು.

ಆ ಮೆಸೇಜ್ ನಂಬಿ ವಿಡಿಯೊ ನೋಡಿ ಕಲಿಯಲು ಹೊರಟ ಹುಡುಗರು ನಿಮ್ಮ ಗುಂಪಿನಲ್ಲಿದ್ದರೆ, ಇದನ್ನು ಇವತ್ತೇ ಅವರಿಗೆ ತೋರಿಸಿ.